ಒಂದೇ ದರ, ಬೇಕಾದಷ್ಟು ಊಟ: ಹೋಟೆಲ್ ಬಫೆ ನಡೆದು ಬಂದ ದಾರಿ

ಒಂದು ದರ ಕೊಟ್ಟು, ಸಾಲಾಗಿ ಇಟ್ಟ ತಿನಿಸುಗಳಲ್ಲಿ ಬೇಕಾದ್ದನ್ನು ಬೇಕಾದಷ್ಟು ತಾನೇ ಬಡಿಸಿಕೊಂಡು ಉಣ್ಣುವ ಪದ್ಧತಿ ಬಫೆ. ಇದರಲ್ಲಿ ಎರಡು ಸಂಗತಿಗಳು ಬೆರೆತಿವೆ: ತಾನೇ ಬಡಿಸಿಕೊಳ್ಳುವುದು ಒಂದು, ಎಷ್ಟು ತಿಂದರೂ ಬೆಲೆ ಅಷ್ಟೇ ಎನ್ನುವುದು ಇನ್ನೊಂದು. ಮೊದಲನೆಯದು ಬಹಳ ಹಳೆಯದು. ಎರಡನೆಯದು ಗಟ್ಟಿಯಾಗಿ ನೆಲೆಯೂರಿದ್ದು ರೈಲು ಬಂದ ಮೇಲೆ. ಕೊಟ್ಟ ದುಡ್ಡಿಗೆ ಗಿಟ್ಟಿತೇ ಎಂದು ಗಿರಾಕಿ ಲೆಕ್ಕ ಹಾಕುವುದು ಈ ಎರಡನೆಯದರ ಫಲ. ಆ ಲೆಕ್ಕ ತಟ್ಟೆಯೊಂದನ್ನೇ ನೋಡಿದರೆ ತಾಳೆಯಾಗುವುದಿಲ್ಲ. ಬಫೆ ಬೆಳೆದ ಹಲವು ಕಡೆ ಹೋಟೆಲಿನವರು ಊಟದ ಜೊತೆಗೆ ಬೇರೆ ಏನನ್ನೋ ಮಾರುತ್ತಿದ್ದರು. ಲಾಭ ಬರುತ್ತಿದ್ದದ್ದು ಬಹುಪಾಲು ಅದರಿಂದ.

ಹದಿನೆಂಟನೆಯ ಶತಮಾನದ ಫ್ರಾನ್ಸಿನ ಸಿರಿವಂತರ ಔತಣಗಳಲ್ಲಿ ಒಂದು ಸರದಿಯ ಭಕ್ಷ್ಯಗಳನ್ನೆಲ್ಲ ಒಟ್ಟಿಗೇ ಮೇಜಿನ ಮೇಲೆ ಜೋಡಿಸುತ್ತಿದ್ದರು. ಕೂತವರು ಕೈಗೆ ಎಟುಕಿದ್ದನ್ನು ಹಾಕಿಕೊಳ್ಳಬೇಕು. ಕಣ್ಣಿಗೆ ಹಬ್ಬ, ಬಾಯಿಗೆ ಆರಿದ ಮಾಂಸ. ಮುಂದಿನ ಶತಮಾನದಲ್ಲಿ, ಒಂದೊಂದೇ ಭಕ್ಷ್ಯವನ್ನು ಬಿಸಿಯಾಗಿ ತಂದು ಬಡಿಸುವ ರಷ್ಯನ್ ಕ್ರಮ ಯುರೋಪಿನಲ್ಲಿ ಹರಡಿದಂತೆ ಇದು ಹಿಂದೆ ಸರಿಯಿತು. ಆದರೂ ನೃತ್ಯಕೂಟಗಳ ನಡುರಾತ್ರಿಯ ಫಲಾಹಾರದಲ್ಲಿ, ದೊಡ್ಡ ಹಡಗುಗಳ ಮಧ್ಯಾಹ್ನದ ಊಟದಲ್ಲಿ ತಣ್ಣನೆಯ ತಿನಿಸುಗಳ ಮೇಜು ಉಳಿದುಕೊಂಡಿತು. 1912ರ ಏಪ್ರಿಲ್ 14ರಂದು, ಅಂದರೆ ಮಂಜುಗಡ್ಡೆಗೆ ಬಡಿಯುವ ದಿನ, ಟೈಟಾನಿಕ್ ಹಡಗಿನ ಮೊದಲ ದರ್ಜೆಯವರಿಗೆ ಕೊಟ್ಟ ಮಧ್ಯಾಹ್ನದ ಊಟದ ಪಟ್ಟಿ ಉಳಿದುಬಂದಿದೆ. ಅದರಲ್ಲಿ ‘ಬಫೆ’ ಎಂಬ ತಲೆಬರಹದಡಿ ಸಾಲ್ಮನ್, ಹೆರಿಂಗ್, ಸಾರ್ಡೀನ್ ಮೀನುಗಳು, ಹಂದಿ ಮತ್ತು ಕೋಳಿ ಮಾಂಸ, ಬೀಟ್‌ರೂಟ್, ಟೊಮೆಟೊ ಎಲ್ಲ ಇವೆ.

ಇಂದಿನ ಹೋಟೆಲ್ ಬಫೆಯ ನೇರ ಪೂರ್ವಜ ಇರುವುದು ಸ್ವೀಡನ್ನಿನಲ್ಲಿ. ಅಲ್ಲಿ ಊಟಕ್ಕೆ ಕೂರುವ ಮುಂಚೆ ಅತಿಥಿಗಳು ಪಕ್ಕದ ಮೇಜಿನ ಬಳಿ ನಿಂತು ಒಂದೆರಡು ಗುಟುಕು ಮದ್ಯ ಕುಡಿಯುತ್ತಿದ್ದರು. ನಂಚಿಕೊಳ್ಳಲು ಬ್ರೆಡ್ಡು, ಬೆಣ್ಣೆ, ಚೀಸ್, ಉಪ್ಪು ಹಾಕಿದ ಹೆರಿಂಗ್ ಮೀನು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮೇಜು ಹಿಗ್ಗುತ್ತಾ ಹೋಗಿ ‘ಸ್ಮೋರ್ಗಸ್‌ಬೋರ್ಡ್’ ಆಯಿತು. ಇದಕ್ಕೆ ರೈಲಿನ ಸಹಾಯ ದೊಡ್ಡದು. 1862ರಲ್ಲಿ ಸ್ಟಾಕ್‌ಹೋಮ್–ಗೋಥೆನ್‌ಬರ್ಗ್ ಮುಖ್ಯ ಮಾರ್ಗ ಪೂರ್ತಿಯಾದಾಗ ರೈಲಿನೊಳಗೆ ಊಟದ ಬೋಗಿ ಇರಲಿಲ್ಲ. ಗಾಡಿ ನಿಂತಷ್ಟು ಹೊತ್ತಿನಲ್ಲಿ ನಿಲ್ದಾಣದಲ್ಲೇ ಊಟ ಮುಗಿಸಬೇಕಿತ್ತು. ಅಷ್ಟು ಜನರ ಬಳಿ ಹೋಗಿ ಏನು ಬೇಕೆಂದು ಕೇಳಿ ತಂದುಕೊಡುವುದಕ್ಕೆ ಸಮಯವೆಲ್ಲಿ? ಎಲ್ಲವನ್ನೂ ನಡುಮೇಜಿನ ಮೇಲಿಟ್ಟು, ತಲೆಗಿಷ್ಟು ಎಂದು ದರ ಗೊತ್ತುಮಾಡಿದರು. ಯಾರು ಎಷ್ಟು ಹಾಕಿಕೊಂಡರೆಂದು ಕಾಯುವವರೇ ಇಲ್ಲವಲ್ಲ ಎಂದು ಪರದೇಶದ ಪ್ರವಾಸಿಗರು ಬೆರಗಾಗಿ ಬರೆದಿದ್ದಾರೆ. ಕಾಯುವ ಅಗತ್ಯ ಅಷ್ಟಾಗಿ ಇರಲೂ ಇಲ್ಲ. ರೈಲಿನ ಸೀಟಿ ಆ ಕೆಲಸ ಮಾಡುತ್ತಿತ್ತು.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಬಂದ ವಿದೇಶಿಯರು ಈ ಊಟದ ಸುದ್ದಿಯನ್ನು ಹೊರಗೆ ಒಯ್ದರು. 1939ರ ನ್ಯೂಯಾರ್ಕ್ ವಿಶ್ವಮೇಳದ ಸ್ವೀಡನ್ ಮಂಟಪದಲ್ಲಿ ‘ತ್ರೀ ಕ್ರೌನ್ಸ್’ ಎಂಬ ಹೋಟೆಲಿತ್ತು. ಅಲ್ಲಿ ತಿನಿಸು ತುಂಬಿದ ದುಂಡು ಮೇಜೇ ತಿರುಗುತ್ತಿತ್ತು. ಅಮೆರಿಕನ್ನರಿಗೆ ಇದು ಊಟಕ್ಕಿಂತ ನೋಟವಾಗಿ ಹಿಡಿಸಿತು. ತವರಿನಲ್ಲಿ ಮಹಾಯುದ್ಧಗಳ ಕಾಲದ ಪಡಿತರದಿಂದ ಸೊರಗಿದ್ದ ಪದ್ಧತಿಗೆ ಮರುಜೀವ ಕೊಟ್ಟವನು ಟೋರೆ ವ್ರೆಟ್‌ಮನ್ ಎಂಬ ಹೋಟೆಲುಗಾರ. ಸ್ಟಾಕ್‌ಹೋಮಿನ ‘ಓಪೆರಾಶೆಲ್ಲರೆನ್’ ಹೋಟೆಲನ್ನು 1961ರಲ್ಲಿ ಮತ್ತೆ ತೆರೆದು ಅವನು ಊಟಕ್ಕೆ ಕ್ರಮ ಕಟ್ಟಿದ: ಮೊದಲ ಸುತ್ತಿಗೆ ಹೆರಿಂಗ್, ಆಮೇಲೆ ಉಳಿದ ಮೀನು, ಅನಂತರ ತಣ್ಣನೆಯ ಮಾಂಸ, ಬಿಸಿ ಪದಾರ್ಥ, ಕೊನೆಗೆ ಸಿಹಿ. ಪ್ರತಿ ಸುತ್ತಿಗೂ ಹೊಸ ತಟ್ಟೆ. ಎಲ್ಲವನ್ನೂ ಒಂದೇ ತಟ್ಟೆಗೆ ಪೇರಿಸುವವನು ಸ್ವೀಡನ್ನಿನವರ ಕಣ್ಣಿಗೆ ಊಟ ಬಾರದವನು.

ಬಫೆಗೆ ‘ಹೊಟ್ಟೆ ಬಿರಿಯುವಷ್ಟು’ ಎಂಬ ಹೆಸರು ತಂದದ್ದು ಲಾಸ್ ವೇಗಸ್. 1941ರ ಏಪ್ರಿಲ್‌ನಲ್ಲಿ ಊರಾಚೆಯ ಹೆದ್ದಾರಿಯ ಮೇಲೆ ಥಾಮಸ್ ಹಲ್ ಎಂಬವನು ‘ಎಲ್ ರಾಂಚೊ ವೇಗಸ್’ ಎಂಬ ಹೋಟೆಲು, ಜೂಜುಕಟ್ಟೆ ತೆರೆದ. ಕೆಲವು ವರ್ಷಗಳ ನಂತರ ಅಲ್ಲಿ ನಡುರಾತ್ರಿಯ ಬಫೆ ಶುರುವಾಯಿತು. ಒಂದು ಡಾಲರಿಗೆ ಬೇಕಾದಷ್ಟು. ಹೋಟೆಲಿನ ಪ್ರಚಾರ ನೋಡಿಕೊಳ್ಳುತ್ತಿದ್ದ ಹರ್ಬ್ ಮೆಕ್‌ಡೊನಾಲ್ಡ್ ಒಂದು ರಾತ್ರಿ ಹಸಿವಾಗಿ ಅಡುಗೆಮನೆಯಿಂದ ಚೀಸು, ಮಾಂಸದ ಚೂರುಗಳನ್ನು ತಂದು ಬಾರ್‌ನಲ್ಲಿ ಇಟ್ಟುಕೊಂಡಾಗ, ಹಾದುಹೋಗುತ್ತಿದ್ದ ಜೂಜುಕೋರರು ತಮಗೂ ಬೇಕೆಂದರಂತೆ. ಅದರಿಂದಲೇ ಇದು ಹೊಳೆಯಿತು ಎಂಬ ಕಥೆ ಆ ಊರಿನಲ್ಲಿ ಚಾಲ್ತಿಯಲ್ಲಿದೆ. ಪ್ರಚಾರದವನ ಬಾಯಿಂದ ಬಂದ ಕಥೆ, ಸ್ವಲ್ಪ ಒಗ್ಗರಣೆ ಇದ್ದೀತು.

ಲೆಕ್ಕ ಮಾತ್ರ ಸುಳ್ಳಲ್ಲ. ಎಲ್ಲ ಹೋಟೆಲಿನಲ್ಲೂ ಊಟ ಮುಗಿದವನು ಬೇಗ ಎದ್ದು ಹೋದರೆ ಒಳ್ಳೆಯದು. ಜೂಜುಕಟ್ಟೆಯಲ್ಲಿ ಅವನು ಉಳಿದರೆ ಒಳ್ಳೆಯದು. ರಾತ್ರಿ ಹನ್ನೆರಡಕ್ಕೆ ಹಸಿದವನು ಊಟಕ್ಕೆಂದು ಬೇರೆಡೆ ಹೋದರೆ ಅವನ ಜೇಬೂ ಅವನ ಜೊತೆ ಹೋಯಿತು. ಅವನನ್ನು ಹಿಡಿದಿಡಲು ಊಟದಲ್ಲಿ ಒಂದಷ್ಟು ಕೈಬಿಟ್ಟರೂ ಇಸ್ಪೀಟಿನ ಮೇಜು ಅದನ್ನು ಬಡ್ಡಿ ಸಮೇತ ತಂದುಕೊಡುತ್ತಿತ್ತು. ಹತ್ತು ವರ್ಷದೊಳಗೆ ಆ ರಸ್ತೆಯ ಹೋಟೆಲುಗಳು ಇದನ್ನೇ ನಕಲು ಮಾಡಿದವು. ಎಲ್ ರಾಂಚೊ 1960ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದರ ಬಫೆ ಊರಿಗೇ ಗುರುತಾಯಿತು. ಜೂಜಿನಲ್ಲಿ ಒಂದು ಕಾಸೂ ಹಾಕದೆ ಉಂಡು ಹೊರಬಂದವನಿಗೆ ಮಾತ್ರ ಆ ಡಾಲರು ಪೂರಾ ಗಿಟ್ಟಿತು. ಅಂಥವರು ಕಡಿಮೆ ಎಂಬುದು ಮಾಲೀಕರಿಗೆ ಗೊತ್ತಿತ್ತು.

ಸಾರ್ವಜನಿಕರು ಬಗ್ಗಿ ನೋಡಿ ಬಡಿಸಿಕೊಳ್ಳುವ ಊಟಕ್ಕೆ ಶುಚಿಯ ತೊಡಕೂ ಬಂತು. ಅಮೆರಿಕದಲ್ಲಿ ಸ್ಮೋರ್ಗಸ್‌ಬೋರ್ಡ್ ಹೋಟೆಲುಗಳನ್ನು ನಡೆಸುತ್ತಿದ್ದ ಜಾನಿ ಗಾರ್ನೋ ಎಂಬವನು ತಿನಿಸಿನ ಮೇಲೆ ಓರೆಯಾಗಿ ಗಾಜು ಕೂರಿಸಿದ ಮೇಜಿಗೆ 1959ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಸೀನಿದರೂ ಕೆಮ್ಮಿದರೂ ಹನಿ ಊಟಕ್ಕೆ ಬೀಳದಂತೆ ತಡೆಯುವ ಆ ಗಾಜು ಇಂದು ಎಲ್ಲ ಕಡೆ ಇದೆ. ಇನ್ನೊಂದು ಅಂಗ ಬಿಸಿ ಕಾಯುವ ಪಾತ್ರೆ: ಕೆಳಗೆ ಜೆಲ್ ಇಂಧನದ ಪುಟ್ಟ ಡಬ್ಬಿ, ಅದರ ಮೇಲೆ ನೀರಿನ ತಟ್ಟೆ, ಅದರೊಳಗೆ ಪದಾರ್ಥದ ತಟ್ಟೆ, ಮೇಲೆ ಮಡಚುವ ಮುಚ್ಚಳ. ಬಿಸಿಯದನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಆ ಪಾತ್ರೆಯ ನೀರಿನ ಹಬೆಯಲ್ಲಿ ಹುಳಿ, ಸಾಗು, ಕುರ್ಮ ಕೆಡದೆ ನಿಲ್ಲುತ್ತವೆ. ಪೂರಿ ಚರ್ಮದಂತಾಗುತ್ತದೆ. ವಡೆಯ ಗರಿಗರಿ ಹೋಗುತ್ತದೆ, ಇಡ್ಲಿಯ ಅಡಿ ನೀರು ಕುಡಿದು ಮೇಲ್ಭಾಗ ಒಣಗುತ್ತದೆ.

ಏಷ್ಯಾದಲ್ಲಿ ಈ ಪದ್ಧತಿಗೆ ಗೌರವದ ಸ್ಥಾನ ಸಿಕ್ಕಿದ್ದು ಟೋಕಿಯೊದಲ್ಲಿ. ಇಂಪೀರಿಯಲ್ ಹೋಟೆಲಿನ ಅಧ್ಯಕ್ಷ ಇನುಮಾರು ತೆತ್ಸುಜೊ 1957ರಲ್ಲಿ ಡೆನ್ಮಾರ್ಕಿನಲ್ಲಿ ಸ್ಮೋರ್ಗಸ್‌ಬೋರ್ಡ್ ಕಂಡು, ಆಗ ಪ್ಯಾರಿಸ್ಸಿನ ರಿಟ್ಜ್ ಹೋಟೆಲಿನಲ್ಲಿ ಕೆಲಸ ಕಲಿಯುತ್ತಿದ್ದ ತನ್ನ ಬಾಣಸಿಗ ಮುರಾಕಾಮಿ ನೊಬುವೊಗೆ ಇದನ್ನು ಅಭ್ಯಾಸ ಮಾಡಿ ಬರಲು ಹೇಳಿದ. 1958ರ ಆಗಸ್ಟ್ 1ರಂದು ‘ಇಂಪೀರಿಯಲ್ ವೈಕಿಂಗ್’ ತೆರೆಯಿತು. ಆ ವರ್ಷದ ‘ದಿ ವೈಕಿಂಗ್ಸ್’ ಚಲನಚಿತ್ರದಲ್ಲಿ ಹಡಗಿನವರು ಗಬಗಬನೆ ತಿನ್ನುವ ದೃಶ್ಯ ಹೆಸರಿಗೆ ಪ್ರೇರಣೆ. ಮಧ್ಯಾಹ್ನಕ್ಕೆ 1200 ಯೆನ್, ರಾತ್ರಿಗೆ 1600. ಹೊಸದಾಗಿ ಕೆಲಸಕ್ಕೆ ಸೇರಿದ ಪದವೀಧರನ ತಿಂಗಳ ಸಂಬಳ ಆಗ 13,000 ಯೆನ್ ಆಸುಪಾಸಿನಲ್ಲಿತ್ತು. ಒಂದು ರಾತ್ರಿಯ ಊಟಕ್ಕೆ ಅದರ ಎಂಟರಲ್ಲೊಂದು ಪಾಲು. ಆದರೂ ಜನ ಸಾಲುಗಟ್ಟಿದರು. ಯುದ್ಧಾನಂತರದ ಬಡತನ ಕಂಡ ಪೀಳಿಗೆಗೆ ‘ಸಾಕು’ ಎನ್ನುವವರೆಗೆ ತಿನ್ನುವ ಅನುಭವವೇ ಸರಕು. ಜಪಾನಿನಲ್ಲಿ ಇಂದಿಗೂ ಬಫೆಗೆ ‘ವೈಕಿಂಗ್’ ಎನ್ನುವುದು ರೂಢಿ.

ಕರ್ನಾಟಕಕ್ಕೆ ಒಂದೇ ದರದ ಬೇಕಾದಷ್ಟು ಊಟ ಹೊಸದೇನಲ್ಲ. ಉಡುಪಿ ಹೋಟೆಲಿನ ಫುಲ್ ಮೀಲ್ಸ್‌ನ ತತ್ತ್ವವೂ ಅದೇ. ವ್ಯತ್ಯಾಸ ಇರುವುದು ಸೌಟು ಯಾರ ಕೈಯಲ್ಲಿ ಎಂಬಲ್ಲಿ. ಫುಲ್ ಮೀಲ್ಸ್‌ನಲ್ಲಿ ಬಡಿಸುವವನು ಅನ್ನ, ಸಾರು, ಹುಳಿಯನ್ನು ಧಾರಾಳವಾಗಿ ಹಾಕುತ್ತಾನೆ; ಪಲ್ಯ ಎರಡನೇ ಸಲ ಬರುವಾಗ ಚಮಚ ಚಿಕ್ಕದಾಗಿರುತ್ತದೆ; ಹಪ್ಪಳ, ಸಿಹಿ ಒಂದೇ ಸಲ. ಮಿತಿಯಿಲ್ಲದ ಊಟಕ್ಕೆ ಮಿತಿ ಹಾಕುವುದು ಅವನ ಕೈಚಳಕ. ಬಫೆ ಬಂದಾಗ ಆ ಸೌಟು ಗಿರಾಕಿಯ ಕೈಗೆ ಬಂತು.

ಅದು ಸಲೀಸಾಗಿ ಬರಲಿಲ್ಲ. ಉಂಡ ತಟ್ಟೆ ಹಿಡಿದು, ಎಲ್ಲರೂ ಮುಟ್ಟುವ ಸೌಟಿಗೆ ಕೈಹಾಕುವುದು ಎಂಜಲು. ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಿ, ‘ಇನ್ನೊಂದು ಹೋಳಿಗೆ’ ಎಂದು ಉಪಚರಿಸದೆ ನೆಂಟರನ್ನು ತಟ್ಟೆ ಹಿಡಿಸಿ ನಿಲ್ಲಿಸುವುದು ಅಗೌರವ. (ಎಂಜಲಿನ ಆಕ್ಷೇಪವನ್ನು ಹಳೆಯ ಕಂದಾಚಾರ ಎಂದು ತಳ್ಳಿಹಾಕುವವರು ಗಮನಿಸಬೇಕು: ಎರಡನೇ ಸಲ ಬಡಿಸಿಕೊಳ್ಳಲು ಹೊಸ ತಟ್ಟೆಯನ್ನೇ ಹಿಡಿಯಬೇಕೆಂದು ಅಮೆರಿಕದ ಆಹಾರ ಸಂಹಿತೆಯೂ ಹೇಳುತ್ತದೆ.) ಈ ಹಿಂಜರಿಕೆ ಕರಗಲು ಹೋಟೆಲುಗಳೂ ನೆರವಾದವು. 1983ರಲ್ಲಿ ಆರ್. ಪ್ರಭಾಕರ್ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭಿಸಿದ ಮೇಲೆ, ಟೋಕನ್ ಕೊಟ್ಟು ತಾನೇ ತಟ್ಟೆ ತಂದು ನಿಂತು ತಿನ್ನುವುದು ನಗರದ ಮಧ್ಯಮ ವರ್ಗಕ್ಕೆ ದಿನನಿತ್ಯದ ಸಂಗತಿಯಾಯಿತು. ಮದುವೆಗಳಲ್ಲಿ ಒಂದು ರಾಜಿ ಏರ್ಪಟ್ಟಿತು: ಸಂಜೆಯ ಆರತಕ್ಷತೆಗೆ ಬಫೆ, ಮುಹೂರ್ತದ ಊಟಕ್ಕೆ ಎಲೆ. ಈ ವಿಂಗಡಣೆ ಬಹಳ ಕಡೆ ಈಗಲೂ ಹಾಗೇ ಇದೆ.

ದೊಡ್ಡ ಹೋಟೆಲಿನ ಅಡುಗೆಮನೆ ತಲೆಯನ್ನು ‘ಕವರ್’ ಎಂದು ಎಣಿಸುತ್ತದೆ. ರಾತ್ರಿ ತುಂಬಿದ ಕೋಣೆಗಳ ಲೆಕ್ಕದಿಂದ ಬೆಳಗಿನ ಕವರ್‌ಗಳ ಅಂದಾಜು ಸಿಗುತ್ತದೆ. ಒಬ್ಬ ಎಷ್ಟು ತಿಂದ ಎಂಬುದು ಅಲ್ಲಿ ಯಾರಿಗೂ ಮುಖ್ಯವಲ್ಲ. ನೂರು ಜನರ ಸರಾಸರಿ ಮುಖ್ಯ. ಕಾಲೇಜು ಹುಡುಗ ತಿಂದ ಆರನೇ ತುಂಡು ಕೋಳಿಗೆ ಅದೇ ಮೇಜಿನ ಅಜ್ಜಿ ದುಡ್ಡು ಕೊಟ್ಟಿರುತ್ತಾರೆ. ಮಾಂಸಾಹಾರಿಗೂ ಸಸ್ಯಾಹಾರಿಗೂ ಒಂದೇ ದರವಿದ್ದರೆ ಸಿಗಡಿಯ ಖರ್ಚಿನಲ್ಲಿ ಒಂದು ಪಾಲು ಮೊಸರನ್ನ ಉಂಡವರ ತಲೆಗೆ. ಸಾಲಿನ ಜೋಡಣೆಯೂ ಈ ಸರಾಸರಿಯನ್ನು ಹಿಡಿತದಲ್ಲಿಡಲೆಂದೇ: ಮೊದಲಿಗೆ ಸೂಪು, ಬ್ರೆಡ್ಡು, ಹಸಿ ತರಕಾರಿ, ಆಮೇಲೆ ಅನ್ನದ ಬಗೆಗಳು. ಬೆಲೆಬಾಳುವುದು ಕೊನೆಯಲ್ಲಿ, ಅದೂ ಬಾಣಸಿಗನೇ ನಿಂತು ತೆಳ್ಳಗೆ ಕೊಯ್ದು ಕೊಡುವ ಕಡೆ. ಅಲ್ಲಿ ಸೌಟು ಮತ್ತೆ ಹೋಟೆಲಿನವರ ಕೈಗೆ. ದೋಸೆಯ ಲೈವ್ ಕೌಂಟರೂ ಹೀಗೆಯೇ. ಒಂದೇ ಕಾವಲಿ, ಒಮ್ಮೆಗೆ ಮೂರು ನಾಲ್ಕು ದೋಸೆ, ಹಿಂದೆ ತಟ್ಟೆ ಹಿಡಿದವರ ಸಾಲು. ಬಿಸಿ ದೋಸೆ ಸಿಗುತ್ತದೆ, ಎರಡನೆಯದಕ್ಕೆ ಮತ್ತೆ ಸಾಲು ಹಿಡಿಯುವವರು ಕಡಿಮೆ.

ಗಿರಾಕಿಯ ಮನಸ್ಸೂ ಲೆಕ್ಕ ತಪ್ಪಿಸುತ್ತದೆ. 2017ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1980ರ ಪ್ರಬಂಧವೊಂದರಲ್ಲಿ ಪಿಜ್ಜಾ ಹೋಟೆಲಿನ ಪ್ರಯೋಗವನ್ನು ವಿವರಿಸಿದ್ದಾರೆ. ಬೇಕಾದಷ್ಟು ತಿನ್ನುವ ಊಟಕ್ಕೆ ಬಂದವರಲ್ಲಿ ಕೆಲವರಿಗೆ ಹಣ ವಾಪಸು ಕೊಡಲಾಯಿತು. ಹಣ ತೆತ್ತವರು ಅವರಿಗಿಂತ ಹೆಚ್ಚು ತಿಂದರು. ಇಬ್ಬರ ಹಸಿವೂ ಒಂದೇ, ಹೋದ ದುಡ್ಡು ತಿಂದರೆ ಮರಳುವುದೂ ಇಲ್ಲ. ಐದನೇ ಸುತ್ತಿಗೆ ಏಳುವವನು ಹೋಟೆಲಿಗೆ ನಷ್ಟ ಮಾಡುತ್ತೇನೆ ಎಂದುಕೊಳ್ಳುತ್ತಾನೆ. ನಷ್ಟವಾಗುವುದು ಹೆಚ್ಚಾಗಿ ಅವನ ಮಧ್ಯಾಹ್ನಕ್ಕೆ.

ಬೆಲೆಬಾಳುವುದನ್ನು ಸಾಲಿನ ಕೊನೆಗಿಡುವ ಲೆಕ್ಕಾಚಾರವನ್ನೇ ತಿರುವಿಹಾಕಿ ಬೆಳೆದದ್ದು 2006ರಲ್ಲಿ ಮುಂಬೈನಲ್ಲಿ ಶುರುವಾಗಿ ಬೆಂಗಳೂರನ್ನು ಕೇಂದ್ರ ಮಾಡಿಕೊಂಡ ಬಾರ್ಬೆಕ್ಯೂ ನೇಷನ್. ಇಲ್ಲಿ ಮೇಜಿನ ನಡುವೆ ಕೆಂಡದ ಒಲೆ. ಸಾಕೆಂದು ಪುಟ್ಟ ಬಾವುಟ ಇಳಿಸುವವರೆಗೆ ಕಡ್ಡಿಗೆ ಚುಚ್ಚಿದ ಪನೀರು, ಕೋಳಿ, ಮೀನು ಬರುತ್ತಲೇ ಇರುತ್ತವೆ. ಮುಖ್ಯ ಊಟದ ಬಫೆ ಆಚೆ ಇದೆ, ಅಲ್ಲಿಗೆ ತಲುಪುವಷ್ಟರಲ್ಲಿ ಹೊಟ್ಟೆ ತುಂಬಿರುತ್ತದೆ. ಸಸ್ಯಾಹಾರ, ಮಾಂಸಾಹಾರಕ್ಕೆ ಬೇರೆ ದರ. ವಾರದ ದಿನ, ವಾರಾಂತ್ಯಕ್ಕೂ ಬೇರೆ. ಅತ್ತ ಲಾಸ್ ವೇಗಸ್‌ನಲ್ಲಿ ಊಟದ ವಿಭಾಗವೂ ತನ್ನ ಕಾಲ ಮೇಲೆ ನಿಲ್ಲಬೇಕೆಂಬ ಲೆಕ್ಕ ಬಂದ ಮೇಲೆ ಅಗ್ಗದ ಬಫೆ ಕರಗಿತು. ಅದರ ಜಾಗಕ್ಕೆ ದುಬಾರಿಯದು ಬಂತು: ಅಲ್ಲಿನ ಸೀಸರ್ಸ್ ಪ್ಯಾಲೇಸ್ ಹೋಟೆಲು 2012ರಲ್ಲಿ 1.7 ಕೋಟಿ ಡಾಲರ್ ಸುರಿದು ‘ಬ್ಯಾಕನಾಲ್’ ಬಫೆ ತೆರೆಯಿತು. 2020ರ ಕೋವಿಡ್‌ನಲ್ಲಿ ಮುಚ್ಚಿದ ಹಲವು ಬಫೆಗಳು ಮತ್ತೆ ತೆರೆಯಲೇ ಇಲ್ಲ.

ಭಾರತದ ಹೋಟೆಲುಗಳಲ್ಲಿ ಬಫೆ ಹೆಚ್ಚು ಗಟ್ಟಿಯಾಗಿರುವುದು ಬೆಳಗಿನ ಹೊತ್ತು. ಕೋಣೆಯನ್ನಷ್ಟೇ ಕೊಡುವುದು ಇ.ಪಿ., ತಿಂಡಿ ಸೇರಿದ್ದು ಸಿ.ಪಿ. ಎಂದು ಬುಕಿಂಗ್‌ನವರು ಕರೆಯುತ್ತಾರೆ. ತಿಂಡಿ ‘ಉಚಿತ’ ಎಂದು ಬರೆದಿದ್ದರೂ ಅದರ ಬೆಲೆ ಈ ಎರಡು ದರಗಳ ನಡುವಿನ ಅಂತರ. ಆ ಅಂತರ ಕೆಳಗಿನ ರೆಸ್ಟೊರೆಂಟಿನ ಬಫೆ ದರಕ್ಕಿಂತ ಬಹಳ ಕಡಿಮೆ ಇದ್ದರೆ ತೆಗೆದುಕೊಳ್ಳಬಹುದು. ಹೊರಗಿನಿಂದ ಊಟಕ್ಕೇ ಬರುವವರು ತೆರಿಗೆಯನ್ನೂ ಕೂಡಿಸಿಕೊಳ್ಳಬೇಕು: ಕೋಣೆ ಬಾಡಿಗೆ ದಿನಕ್ಕೆ 7500 ರೂಪಾಯಿ ದಾಟಿದ ಹೋಟೆಲುಗಳ ಊಟಕ್ಕೆ ಜಿ.ಎಸ್.ಟಿ. ಶೇ. 18, ಸಾಮಾನ್ಯ ಹೋಟೆಲಿಗೆ ಶೇ. 5. ಎರಡು ಇಡ್ಲಿ, ಒಂದು ಕಾಫಿಗೆ ತೃಪ್ತರಾಗುವವರಿಗೆ ಇ.ಪಿ. ದರವೇ ಮೇಲು, ಹತ್ತಿರದಲ್ಲೊಂದು ದರ್ಶಿನಿ ಇದ್ದರೆ.