ಒಂದೇ ಚಿತ್ರ, ಎರಡು ದನಿ: ಜಹೀರಾಬಾದ್ ಸೀಮೆಗೆ ಬಂದ ಪಾಠದ ಪೆಟ್ಟಿಗೆಗಳು

ಸ್ಮಾರ್ಟ್ ಬೋರ್ಡ್, ಆನ್‌ಲೈನ್ ಕ್ಲಾಸ್, ಮೊಬೈಲ್ ಆ್ಯಪ್ ಎಲ್ಲವೂ ಕೊರೊನಾ ಕಾಲದಲ್ಲಿ ಹುಟ್ಟಿದವು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ಕರ್ನಾಟಕ ಮತ್ತು ತೆಲಂಗಾಣದ ಗಡಿ ಸೀಮೆಯ ಹಳ್ಳಿಗಳಿಗೆ ಉಪಗ್ರಹದ ಮೂಲಕ ಪಾಠ ಬಂದದ್ದು 1975ರಲ್ಲಿ. ನಮ್ಮ ಕರಾವಳಿಯ ಮನೆಗಳಲ್ಲಿ ಟಿವಿ ಎಂಬ ಹೆಸರೂ ಅಪರೂಪವಾಗಿದ್ದ ಕಾಲ ಅದು.

ನಾನು ಅಂಗಡಿಯವರ ಮಗ. ಬಾಪನದು ಜೀನಸಿನ ಅಂಗಡಿ. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಕೆಲಸ ಸಿಕ್ಕಿದ್ದು ಜಹೀರಾಬಾದ್ ಕಡೆಯ ಒಂದು ಕಾಲೇಜಿನಲ್ಲಿ, ಸಪೋರ್ಟ್ ಸ್ಟಾಫ್ ಆಗಿ. ಹೊಸ ಬೋರ್ಡೋ ಆ್ಯಪೋ ಬಂದರೆ ಲೆಕ್ಚರರ್ ಮುಟ್ಟುವ ಮೊದಲು ಅದನ್ನು ಓಡಿಸಿ ನೋಡುವುದು ನನ್ನ ಪಾಲಿನ ಕೆಲಸ. ಹಾಗೆ ನೋಡುತ್ತಾ ನೋಡುತ್ತಾ, ಈ ಸೀಮೆಯಲ್ಲಿ ನನಗಿಂತ ಮೊದಲು ಈ ಕೆಲಸ ಹೇಗೆ ನಡೆದಿತ್ತು ಎಂಬ ಕುತೂಹಲ ಹುಟ್ಟಿತು.

ಮೊದಲು ಊರಿನ ವಿಷಯ. ಜಹೀರಾಬಾದ್, ನಾರಾಯಣಖೇಡ್ ಎರಡೂ ನಿಜಾಮರ ಕಾಲದಲ್ಲಿ ಬೀದರ್ ಜಿಲ್ಲೆಯ ತಾಲೂಕುಗಳು. ತಾಂಡೂರು ಗುಲ್ಬರ್ಗಾ ಜಿಲ್ಲೆಯದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ್, ಗುಲ್ಬರ್ಗಾ ಮೈಸೂರು ರಾಜ್ಯಕ್ಕೆ ಬಂದವು. ನಾರಾಯಣಖೇಡ್, ತಾಂಡೂರು, ಜಹೀರಾಬಾದಿನ ಬಹುಭಾಗ ಮತ್ತು ಬೀದರ್ ತಾಲೂಕಿನ ನ್ಯಾಲಕಲ್ ಭಾಗ ಆಂಧ್ರಕ್ಕೆ ಸೇರಿದವು. ಗೆರೆ ಎಳೆದದ್ದು ಕಾಗದದ ಮೇಲೆ. ಮನೆಯೊಳಗಿನ ಮಾತು ಅದನ್ನು ಕೇಳಲಿಲ್ಲ. ಇವತ್ತಿಗೂ ಇಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ದಖ್ಖನಿ ಆಡುವವರಿದ್ದಾರೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು ಎಂದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆ ಪಾಠದ ಕಥೆ. ವಿಕ್ರಂ ಸಾರಾಭಾಯ್ ಅವರ ಕನಸಿನಂತೆ 1969ರಲ್ಲಿ ಭಾರತ ಮತ್ತು ಅಮೆರಿಕದ ನಾಸಾ ನಡುವೆ ಒಪ್ಪಂದವಾಯಿತು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷ ಭಾರತಕ್ಕೆ ಬಳಸಲು ಕೊಡುವುದೆಂದು ಮಾತು. ಯೋಜನೆಯ ಹೆಸರು ಸೈಟ್. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಅದು ನಡೆಯಿತು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು, ಆಂಧ್ರದಲ್ಲಿ ಮೆದಕ್ ಸೇರಿದಂತೆ ಗಡಿಯ ಆಚೆಯ ಜಿಲ್ಲೆಗಳು ಇದರಲ್ಲಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ವಿಷಯ.

ಡಿಪ್ಲೊಮಾ ಓದಿದವನಿಗೆ ಇಲ್ಲಿ ಹಿಡಿಸುವುದು ಅದರ ಆ್ಯಂಟೆನಾ. ಸುಮಾರು ಮೂರು ಮೀಟರ್ ಅಗಲದ ಬೋಗುಣಿ, ಆದರೆ ತಗಡಿನದಲ್ಲ, ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯದು. ಉಪಗ್ರಹದ ಅಲೆ 860 ಮೆಗಾಹರ್ಟ್ಸ್‌ನದು, ಅಂದರೆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಜಾಲರಿಯ ತೂತು ಅದಕ್ಕಿಂತ ಬಹಳ ಚಿಕ್ಕದಾದ್ದರಿಂದ ಅಲೆಗೆ ಅದು ಗಟ್ಟಿ ತಗಡಿನಂತೆಯೇ. ಗಾಳಿ ಮಾತ್ರ ತೂರಿ ಹೋಗುತ್ತದೆ. ಖರ್ಚು ಕಡಿಮೆ, ತೂಕ ಕಡಿಮೆ, ಬಿರುಗಾಳಿಗೆ ಬೀಳುವ ಭಯವೂ ಕಡಿಮೆ. ಟಿವಿ ಸೆಟ್ಟುಗಳನ್ನು ಮಾಡಿದ್ದು ಹೈದರಾಬಾದಿನ ಇಸಿಐಎಲ್.

ಆ ಉಪಗ್ರಹಕ್ಕೆ ಒಂದು ಚಿತ್ರದ ಜೊತೆ ಎರಡು ದನಿ ಕಳಿಸುವ ಶಕ್ತಿ ಇತ್ತು. ಹಾಗಾಗಿ ತೆಲುಗು, ಕನ್ನಡ ಹಳ್ಳಿಗಳಿಗೆ ಒಂದೇ ಚಿತ್ರವನ್ನು ಎರಡು ಭಾಷೆಯಲ್ಲಿ ಕೊಡಲು ಸಾಧ್ಯವಾಯಿತು. ಈ ಎರಡೂ ಭಾಷೆಯ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದ್ ಕೇಂದ್ರದಲ್ಲಿ. ಬಹಳ ಜಾಣ ಏರ್ಪಾಡು. ಆದರೆ ಯಾವ ಹಳ್ಳಿಗೆ ಯಾವ ದನಿ ಎನ್ನುವುದು ರಾಜ್ಯದ ಗಡಿಯನ್ನು ನೋಡಿ ಆದದ್ದು, ಮನೆಯ ಮಾತನ್ನು ಕೇಳಿ ಅಲ್ಲ. ಮನೆಯಲ್ಲಿ ಕನ್ನಡ ಆಡುವ ಮೆದಕ್ ಜಿಲ್ಲೆಯ ಮಗುವಿಗೆ ಸಿಗುವುದು ತೆಲುಗು ದನಿ. ಲಂಬಾಣಿ ತಾಂಡಾದ ಮಗುವಿಗೆ ಎರಡೂ ಪರಭಾಷೆಯೇ.

ವರ್ಷ ಮುಗಿಯಿತು, ನಾಸಾ ಉಪಗ್ರಹವನ್ನು ವಾಪಸು ಒಯ್ದಿತು. 1977ರಲ್ಲಿ ಗುಲ್ಬರ್ಗಾದಲ್ಲೂ ಹೈದರಾಬಾದಿನಲ್ಲೂ ದೂರದರ್ಶನ ಶುರುವಾದದ್ದು ನಿಜ. ಆದರೆ ಸೈಟ್‌ನ ಅತಿ ದೊಡ್ಡ ಫಲ ಜಹೀರಾಬಾದಿನ ಹತ್ತಿರವೇ ಇದೆ ಎಂದು ನನ್ನ ಲೆಕ್ಕ.

ಸೈಟ್‌ನಲ್ಲಿ ದುಡಿದ ದೂರದರ್ಶನದ ಒಬ್ಬ ನಿರ್ಮಾಪಕರು ಪಿ.ವಿ. ಸತೀಶ್. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಅವರು ಗೆಳೆಯರೊಂದಿಗೆ ಸೇರಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿ, ಜಹೀರಾಬಾದ್ ಸುತ್ತಿನ ದಲಿತ ಹೆಂಗಸರ ಸಂಘಗಳೊಂದಿಗೆ ಕೆಲಸ ಮಾಡಿದರು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಕ್ಯಾಮೆರಾ ಹಿಡಿದು ತಮ್ಮ ಬೇಸಾಯದ ಚಿತ್ರ ತೆಗೆಯಲು ಕಲಿತರು. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ಅವರದೇ ಸಂಘಂ ರೇಡಿಯೊ ಶುರುವಾಯಿತು. ದನಿ ಮುದ್ರಿಸುವುದು, ಜೋಡಿಸುವುದು, ಪ್ರಸಾರ ಮಾಡುವುದು ಎಲ್ಲ ಹಳ್ಳಿಯ ಹೆಂಗಸರೇ, ತಾವಾಡುವ ಮಾತಿನಲ್ಲೇ. ಸತೀಶ್ 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಮೇಲಿನಿಂದ ದನಿ ಇಳಿಸುವ ಯೋಜನೆಯಲ್ಲಿದ್ದವರು ಕೊನೆಗೆ ಮೈಕನ್ನೇ ಕೇಳುವವರ ಕೈಗೆ ಕೊಟ್ಟರು.

ಆಮೇಲಿನದು ನಮಗೆ ಗೊತ್ತಿರುವ ಕಥೆ. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು, 2017ರಲ್ಲಿ ತೆಲಂಗಾಣದ ಟಿ-ಸ್ಯಾಟ್ ಚಾನೆಲುಗಳು ಬಂದವು, ಅದೇ ವರ್ಷ ಪಠ್ಯಪುಸ್ತಕದ ಕ್ಯೂಆರ್ ಕೋಡ್ ತೆರೆಯುವ ದೀಕ್ಷಾ ಬಂತು. ನಾನು ಹೊಸ ಸಾಧನ ಪರೀಕ್ಷಿಸುವಾಗ ಪರದೆಯ ಹೊಳಪಿಗಿಂತ ಮೊದಲು ಭಾಷೆಯ ಪಟ್ಟಿ ತೆರೆಯುತ್ತೇನೆ. ಮಾತನ್ನು ಅಕ್ಷರ ಮಾಡುವ ಆ್ಯಪಿಗೆ ಗಡಿಯ ಹುಡುಗರ ಕನ್ನಡ ತಿಳಿಯುತ್ತದೋ ಎಂದು ಅವರಿಂದಲೇ ಮಾತಾಡಿಸಿ ನೋಡುತ್ತೇನೆ. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಕನ್ನಡ ನೋಟ್ಸನ್ನು ಯೂನಿಕೋಡಿಗೆ ಬದಲಿಸದೆ ಹಾಕಿದರೆ ಪರದೆಯ ಮೇಲೆ ಬರೀ ಚಿಹ್ನೆಗಳ ರಾಶಿ. ಅಂಥದ್ದನ್ನು ಕ್ಲಾಸಿಗೆ ಮೊದಲೇ ಸರಿಮಾಡಬೇಕು. ಇದಕ್ಕೆ ದೊಡ್ಡ ವಿದ್ಯೆ ಬೇಡ, ಪಕ್ಕದಲ್ಲಿ ಕೂತು ನೋಡುವ ಒಬ್ಬ ಮನುಷ್ಯ ಬೇಕು.

ನಮ್ಮ ಬ್ಯಾರಿ ಬಾಸೆಗೆ ಕರ್ನಾಟಕದಲ್ಲಿ ಸಾಹಿತ್ಯ ಅಕಾಡೆಮಿ ಬಂದದ್ದೇ 2007ರಲ್ಲಿ. ಆ್ಯಪುಗಳ ಭಾಷಾ ಪಟ್ಟಿಯಲ್ಲಿ ನಮ್ಮ ಹೆಸರು ಹುಡುಕಿದರೆ ನಾನು ನೋಡಿದ ಯಾವುದರಲ್ಲೂ ಸಿಗಲಿಲ್ಲ. ಸಿಗುವವರೆಗೆ ಕಾಯಬೇಕಾಗಿಯೂ ಇಲ್ಲ. ಮಾಚನೂರಿನ ಹೆಂಗಸರು ಕಾಯದೆ, ಪ್ರಸಾರದ ಲೈಸೆನ್ಸ್ ಬರುವ ವರ್ಷಗಳ ಮೊದಲೇ ತಮ್ಮ ದನಿಗಳನ್ನು ಮುದ್ರಿಸಿ ಇಟ್ಟಿದ್ದರು. ನಿಮ್ಮ ಮನೆಯ ಉಮ್ಮ ಹೇಳುವ ಒಗಟು, ಗಾದೆ, ಅಜ್ಜಿಯ ಕಥೆಗಳನ್ನು ಈ ವಾರವೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹೆಸರು, ಊರು, ತಾರೀಕು ಬರೆದಿಡಿ. ಮುಂದೆ ಯಾರಾದರೂ ನಮ್ಮ ಮಕ್ಕಳಿಗೆ ಪಾಠದ ಪೆಟ್ಟಿಗೆ ಮಾಡಲು ಕೂತಾಗ, ಅದರೊಳಗೆ ಹಾಕಲು ನಮ್ಮದೂ ಒಂದು ದನಿ ಸಿದ್ಧವಿರಲಿ.