ಮೆನೊರ್ಕದ ಕುದುರೆ ದಾರಿ

ಸ್ಪೇನಿನ ಮೆನೊರ್ಕ ದ್ವೀಪವನ್ನು ಕಡಲಂಚಿನಲ್ಲೇ ಒಂದು ಸುತ್ತು ಹಾಕಿದರೆ 185 ಕಿಲೋಮೀಟರ್ ಆಗುತ್ತದೆ. ಹಾಗೆ ಸುತ್ತಿ ಬರುವ ಕಾಲುದಾರಿಯನ್ನು ಅಲ್ಲಿನವರು ಕಮಿ ದೆ ಕವಾಲ್ಸ್ ಎನ್ನುತ್ತಾರೆ, ಅಂದರೆ ಕುದುರೆ ದಾರಿ. ಈಗ ಅದು ಚಾರಣಿಗರ ದಾರಿ. ಇಪ್ಪತ್ತು ಹಂತಗಳಾಗಿ ಭಾಗ ಮಾಡಿ, ಉದ್ದಕ್ಕೂ ಮರದ ಕಂಬ ನೆಟ್ಟು ಗುರುತು ಹಾಕಿದ್ದಾರೆ. ಪ್ರವಾಸದ ಜಾಹೀರಾತುಗಳಲ್ಲಿ ಕಾಣುವುದೆಲ್ಲ ನೀಲಿ ನೀರು, ಬಿಳಿ ಮರಳು. ಆದರೆ ಕಡಲಿನ ಚೆಲುವು ನೋಡಲೆಂದು ಯಾರೂ ಈ ದಾರಿ ಸವೆಸಲಿಲ್ಲ. ಕಡಲಿನಿಂದ ಯಾರು ಬರುತ್ತಿದ್ದಾರೆ ಎಂದು ಕಾಯಲು ಹುಟ್ಟಿದ ದಾರಿ ಇದು.

ಅರಗಾನಿನ ದೊರೆ ಮೂರನೇ ಅಲ್ಫೋನ್ಸೊ 1287ರಲ್ಲಿ ಮುಸ್ಲಿಂ ಆಳ್ವಿಕೆಯಿಂದ ದ್ವೀಪವನ್ನು ಗೆದ್ದುಕೊಂಡ. ಜಮೀನು ಪಡೆದವರು ಕುದುರೆ, ಆಯುಧ ಇಟ್ಟುಕೊಂಡು ದ್ವೀಪ ಕಾಯಬೇಕೆಂಬ ಕಟ್ಟಳೆ ಹದಿನಾಲ್ಕನೇ ಶತಮಾನದಲ್ಲಿ ಬಂತು. ದಾರಿಯ ಮೂಲವನ್ನು ಅಲ್ಲಿಗೇ ಒಯ್ಯುವವರಿದ್ದಾರೆ. ಹದಿನೆಂಟನೇ ಶತಮಾನದ ಹೊತ್ತಿಗಂತೂ ಇದರ ಕೆಲಸದ ಬಗ್ಗೆ ಅನುಮಾನವಿಲ್ಲ: ಸವಾರರು ಗಸ್ತು ತಿರುಗುವುದು, ಒಂದು ಕಾವಲು ನೆಲೆಯಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು. ಆ ಕಾಲದ ಮೆನೊರ್ಕಕ್ಕೆ ಸುದ್ದಿಯ ಬರವೂ ಇರಲಿಲ್ಲ. 1708ರಲ್ಲಿ ಬ್ರಿಟಿಷರು ಬಂದರು. 1756ರಲ್ಲಿ ಫ್ರೆಂಚರು ಕಿತ್ತುಕೊಂಡರು. ದ್ವೀಪ ಉಳಿಸಿಕೊಳ್ಳಲಾಗದ ತಪ್ಪಿಗೆ ಅಡ್ಮಿರಲ್ ಬಿಂಗ್ ಎಂಬಾತನನ್ನು ಬ್ರಿಟಿಷ್ ನೌಕಾಪಡೆಯೇ ಮರುವರ್ಷ ಗುಂಡಿಟ್ಟು ಕೊಂದಿತು. 1763ರಲ್ಲಿ ಮತ್ತೆ ಬ್ರಿಟಿಷರು, 1782ರಲ್ಲಿ ಸ್ಪೇನ್, 1798ರಲ್ಲಿ ಮತ್ತೊಮ್ಮೆ ಬ್ರಿಟಿಷರು, 1802ರಲ್ಲಿ ಕಡೆಗೂ ಸ್ಪೇನ್. ನೂರು ವರ್ಷ ತುಂಬುವುದರೊಳಗೆ ಇಷ್ಟು ಬಾವುಟ ಕಂಡ ಊರಿನವರು ಕಡಲ ಕಡೆ ಒಂದು ಕಣ್ಣಿಟ್ಟೇ ಮಲಗಿದ್ದಾರು.

ಈ ಚರಿತ್ರೆಯನ್ನು ಒಂದೇ ದಿನದಲ್ಲಿ ನಡೆದು ನೋಡಬೇಕೆಂದರೆ ವಾಯವ್ಯದ ಮೂಲೆ ಸರಿಯಾದ ಜಾಗ. ಕಾಲ ಮೊರೆಲ್‌ನಿಂದ ಪುಂತ ನಾತಿಗೆ 7 ಕಿಲೋಮೀಟರ್, ಅಲ್ಲಿಂದ ಸಿಯುತಡೆಲಾ ಪಟ್ಟಣಕ್ಕೆ ಹತ್ತೂವರೆ. ಏರಿಳಿತ ಹೆಚ್ಚಿಲ್ಲ.

ಕಾಲ ಮೊರೆಲ್ ಈಗ ಬಿಳಿ ಬಂಗಲೆಗಳ ಬಡಾವಣೆ. ಬಂಗಲೆಗಳ ಪಕ್ಕದಲ್ಲೇ, ಬಂಡೆಯಲ್ಲಿ ಕೊರೆದ ಹದಿನಾಲ್ಕು ಗುಹೆಗಳಿವೆ. ಎಲ್ಲವೂ ಸತ್ತವರಿಗಾಗಿ ಕೊರೆದವು. ಕೆಲವಕ್ಕೆ ಒಳಗೆ ಕಂಬ ಬಿಟ್ಟಿದ್ದಾರೆ, ಗೋಡೆಯಲ್ಲಿ ಗೂಡು ತೆಗೆದಿದ್ದಾರೆ. ಒಂದರ ಮುಂಬಾಗಿಲಿಗೆ ಗ್ರೀಕ್ ಗುಡಿಗಳನ್ನು ನೆನಪಿಸುವ ಪಟ್ಟಿಕೆಗಳಿವೆ. ಕ್ರಿಸ್ತಪೂರ್ವದಲ್ಲಿ ಶುರುವಾದ ಈ ಸ್ಮಶಾನ ಕ್ರಿ.ಶ. ಎರಡನೇ ಶತಮಾನದವರೆಗೂ ಬಳಕೆಯಲ್ಲಿತ್ತು. ದ್ವೀಪದ ಇಂಥ ಪ್ರಾಚೀನ ನೆಲೆಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಬಡಾವಣೆ ದಾಟಿದ್ದೇ ಮರ ಮಾಯವಾಗುತ್ತದೆ. ಟ್ರಮುಂಟಾನ ಎಂಬ ಬಡಗಣ ಗಾಳಿ ಇಲ್ಲಿ ಯಾವುದನ್ನೂ ಎತ್ತರಕ್ಕೆ ಬೆಳೆಯಗೊಡುವುದಿಲ್ಲ. ಕಣ್ಣು ಹಾಯುವವರೆಗೂ ಕಲ್ಲು, ಕಲ್ಲಿನ ನಡುವೆ ಕಲ್ಲಿನದೇ ಪಾಗಾರ. ಹೊಲದಿಂದ ಹೆಕ್ಕಿದ ಕಲ್ಲನ್ನು ಎಲ್ಲಾದರೂ ಹಾಕಲೇಬೇಕಲ್ಲ! ಗೋಡೆ ಕಟ್ಟಿದರೆ ನೆಲವೂ ತೆರವಾಯಿತು, ಗಾಳಿಗೂ ತಡೆಯಾಯಿತು, ಕುರಿಯೂ ಪಕ್ಕದವನ ಹೊಲಕ್ಕೆ ಹೋಗಲಿಲ್ಲ. ಅಲ್ಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ದುಂಡನೆಯ ಕಟ್ಟಡಗಳು ಕಾಣುತ್ತವೆ. ದೂರದಿಂದ ಯಾವುದೋ ರಾಜನ ಸಮಾಧಿ ಎನಿಸಿದರೂ ಅವು ಕುರಿದೊಡ್ಡಿಗಳು. ಗಾರೆ ಇಲ್ಲ, ತೊಲೆ ಇಲ್ಲ. ಪ್ರತಿ ವರಸೆಯ ಕಲ್ಲನ್ನೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಸರಿಸುತ್ತ ಹೋಗಿ ನೆತ್ತಿಯಲ್ಲಿ ಮುಚ್ಚಿದ್ದಾರೆ. ಕೆಲವುಗಳ ಬಾಗಿಲ ಮೇಲೆ ಕಟ್ಟಿದ ವರ್ಷವನ್ನೂ ಕೊರೆದಿದ್ದಾರೆ. ಹೀಗೆ ಗಾರೆಯಿಲ್ಲದೆ ಕಲ್ಲು ಕಟ್ಟುವ ಕಸುಬಿಗೆ 2018ರಲ್ಲಿ ಸ್ಪೇನ್ ಸೇರಿ ಎಂಟು ದೇಶಗಳ ಹೆಸರಿನಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿತು.

ಪುಂತ ನಾತಿಯ ದೀಪಸ್ತಂಭದ ಹಿಂದೆ ದೊಡ್ಡ ದುರಂತವಿದೆ. 1910ರ ಫೆಬ್ರವರಿ 9ರಂದು ಜನರಲ್ ಶಾಂಜಿ ಎಂಬ ಫ್ರೆಂಚ್ ಉಗಿಹಡಗು ಮಾರ್ಸೇಲ್ಸ್‌ನಿಂದ ಆಲ್ಜಿಯರ್ಸ್‌ಗೆ ಹೊರಟಿತು. ದಾರಿಯಲ್ಲಿ ಬಿರುಗಾಳಿ ಹಿಡಿಯಿತು. ಕತ್ತಲಲ್ಲಿ ಈ ಬಂಡೆಗಳಿಗೆ ಬಡಿಯಿತು. ಹಡಗಿನಲ್ಲಿದ್ದವರು 157 ಮಂದಿ. ಬದುಕಿದ್ದು ಮಾರ್ಸೆಲ್ ಬಾಡೆ ಎಂಬ ಸುಂಕದ ಇಲಾಖೆಯ ತರುಣ ನೌಕರ ಒಬ್ಬನೇ. ದಡಕ್ಕೆ ಬಿದ್ದ ಮಾತ್ರಕ್ಕೆ ಪಾರಾದಂತಲ್ಲ, ಇಲ್ಲಿ ಕಡಲಿನಿಂದ ನೇರ ಎದ್ದು ನಿಲ್ಲುವ ಬಂಡೆಯನ್ನು ಹತ್ತಬೇಕು. ಆತ ಹತ್ತಿದ. ಎಷ್ಟೋ ಹಡಗುಗಳು ಒಡೆದ ಈ ಬಡಗಣ ತೀರಕ್ಕೆ ಇನ್ನಷ್ಟು ಬೆಳಕು ಬೇಕೆಂಬ ಒತ್ತಾಯಕ್ಕೆ ಬಲ ಬಂದದ್ದು ಆಮೇಲೆ. ಪುಂತ ನಾತಿಯ ದೀಪ ಹೊತ್ತಿದ್ದು 1913ರಲ್ಲಿ. ಸತ್ತವರ ನೆನಪಿಗೆ ಬಂಡೆಯಂಚಿನಲ್ಲಿ ಒಂದು ಶಿಲುಬೆ ಇದೆ.

ದೀಪಸ್ತಂಭದ ಆಸುಪಾಸಿನಲ್ಲೇ ಕಾಂಕ್ರೀಟಿನ ಬಂಕರ್‌ಗಳಿವೆ. ಸ್ಪೇನಿನ ಅಂತರ್ಯುದ್ಧದಲ್ಲಿ ಮೆನೊರ್ಕ 1939ರ ಫೆಬ್ರವರಿಯವರೆಗೂ ಗಣರಾಜ್ಯದ ಕಡೆಗೇ ನಿಂತಿತ್ತು. ನೆರೆಯ ಮಯೋರ್ಕ ದ್ವೀಪ ಮೊದಲಿಂದಲೂ ಎದುರಾಳಿ ಫ್ರಾಂಕೋ ಪಾಳಯದಲ್ಲಿತ್ತು, ಹಾಗಾಗಿ ಕಡಲ ಕಡೆ ಮತ್ತೆ ಕಣ್ಣಿಡಬೇಕಾಯಿತು.

ಇಲ್ಲಿಂದ ದಾರಿ ತೆಂಕಣಕ್ಕೆ ತಿರುಗುತ್ತದೆ. ಕಡಲಿನೊಳಕ್ಕೆ ಚಾಚಿದ ಪೋಂತ್ ದೆನ್ ಜಿಲ್ ಎಂಬ ಸಹಜ ಕಲ್ಲುಕಮಾನು ದಾಟಿದರೆ ಸಿಯುತಡೆಲಾದ ಬಡಾವಣೆಗಳು ಸಿಗುತ್ತವೆ. ಪಟ್ಟಣದ ನಡುಚೌಕದಲ್ಲಿ ಒಂದು ಕಲ್ಲುಕಂಬ. ಕುದುರೆ ದಾರಿಯ ಕಾವಲು ಯಾಕೆ ಬೇಕಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ದ್ವೀಪದಲ್ಲಿಲ್ಲ. ಅದು 1558ರ ನೆನಪಿನ ಕಂಬ. ಆ ವರ್ಷದ ಜುಲೈಯಲ್ಲಿ ಪಿಯಾಲಿ ಪಾಷಾನ ತುರ್ಕಿ ನೌಕಾಪಡೆ ಪಟ್ಟಣಕ್ಕೆ ಮುತ್ತಿಗೆ ಹಾಕಿತು. ಒಂದು ವಾರದ ಮೇಲೆ, ಜುಲೈ 9ರಂದು, ಪಟ್ಟಣ ಬಿತ್ತು. ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಸೆರೆಹಿಡಿದು ಕಾನ್‌ಸ್ಟಾಂಟಿನೋಪಲ್‌ಗೆ ಒಯ್ದರು. ಸೆರೆಯಾದವರಲ್ಲಿ ಪೇರೆ ಕಿಂತಾನ ಎಂಬ ನೋಟರಿಯೂ ಇದ್ದ. ಅದೇ ವರ್ಷ ಅಕ್ಟೋಬರ್ 7ರಂದು, ಪರದೇಶದ ಸೆರೆಯಲ್ಲೇ ಕೂತು, ಪಟ್ಟಣದವರು ಹೇಗೆ ಹೋರಾಡಿ ಸೋತರು ಎಂಬುದನ್ನು ಕಾನೂನಿನ ದಸ್ತಾವೇಜಿನ ರೂಪದಲ್ಲಿ ಬರೆದಿಟ್ಟ. ತಮ್ಮವರು ಹೇಡಿಗಳಾಗಿ ಪಟ್ಟಣ ಬಿಟ್ಟುಕೊಟ್ಟರೆಂದು ದೊರೆ ತಿಳಿಯಬಾರದು ಎಂಬುದೇ ಉದ್ದೇಶ. ಆ ದಸ್ತಾವೇಜನ್ನು ಸಿಯುತಡೆಲಾದಲ್ಲಿ ಇಂದಿಗೂ ಪ್ರತಿ ಜುಲೈ 9ರಂದು ಎಲ್ಲರ ಮುಂದೆ ಓದುತ್ತಾರೆ.

ಕಡಲ ಭಯ ಕಳೆದ ಮೇಲೆ ದಾರಿಗೇ ಕುತ್ತು ಬಂತು. ಕಳ್ಳಸಾಗಣೆ ಹಿಡಿಯುವ ಸುಂಕದ ಪೊಲೀಸರು ಒಂದಷ್ಟು ಕಾಲ ಇದರಲ್ಲಿ ತಿರುಗಾಡಿದರು. ಆಮೇಲೆ ಗಸ್ತೂ ನಿಂತಿತು, ದಾರಿಯಲ್ಲಿ ಕುರುಚಲು ಬೆಳೆಯಿತು, ಜಮೀನ್ದಾರರು ದಣಪೆಗೆ ಬೀಗ ಹಾಕಿದರು. ಪ್ರವಾಸಿಗರು ಬಂದು ಕಡಲಂಚಿನ ನೆಲಕ್ಕೆ ಬೆಲೆ ಏರಿದಂತೆ ಬೀಗವೂ ಗಟ್ಟಿಯಾಯಿತು. ತುರ್ಕರಿಂದಾಗಲಿ ಬ್ರಿಟಿಷರಿಂದಾಗಲಿ ಅಳಿಯದ ದಾರಿಯನ್ನು ಒಂದು ಬೀಗ ಅಳಿಸುವುದರಲ್ಲಿತ್ತು. ತೊಂಬತ್ತರ ದಶಕದಲ್ಲಿ ದ್ವೀಪದ ಜನ ಒಟ್ಟಾಗಿ, ಇದು ಅಜ್ಜಂದಿರ ಕಾಲದ ದಾರಿ, ಬಿಟ್ಟುಕೊಡಿ ಎಂದು ಪಟ್ಟು ಹಿಡಿದರು. 2000ದ ಡಿಸೆಂಬರಿನಲ್ಲಿ ಬಾಲಿಯಾರಿಕ್ ದ್ವೀಪಗಳ ಶಾಸನಸಭೆ ಈ ಒಂದು ದಾರಿಗಾಗಿಯೇ ಕಾಯ್ದೆ ಮಾಡಿತು. ಖಾಸಗಿ ಜಮೀನಿನಲ್ಲಿ ಹಾದುಹೋದರೂ ನಡೆಯುವ ಹಕ್ಕು ಸಾರ್ವಜನಿಕರದು ಎಂದಾಯಿತು. ಇಡೀ ಸುತ್ತು ತೆರೆದದ್ದು 2010ರಲ್ಲಿ.

ದಣಪೆಗಳು ಇಂದಿಗೂ ಇವೆ, ಬೀಗವಿಲ್ಲ. ಕಾಡು ಆಲಿವ್ ಮರದ ಸೊಟ್ಟ ಕೊಂಬೆಗಳನ್ನು ಸೀಳಿ, ಅಡ್ಡಪಟ್ಟಿ ಜೋಡಿಸಿ ಮಾಡಿದವು. ಆ ಕೆಲಸದ ಬಡಗಿಗಳು ದ್ವೀಪದಲ್ಲಿ ಇನ್ನೂ ಇದ್ದಾರೆ. ಹೋಗುವವರು ಒಂದು ವಿಷಯ ನೆನಪಿಡಬೇಕು: ಕಾಲ ಮೊರೆಲ್ ಬಿಟ್ಟರೆ ಸಿಯುತಡೆಲಾದ ಅಂಚು ಮುಟ್ಟುವವರೆಗೆ ನೆರಳಿಲ್ಲ, ಅಂಗಡಿಯೂ ಇಲ್ಲ. ದಿನಕ್ಕೆ ಬೇಕಾದ ನೀರನ್ನು ಹೊತ್ತುಕೊಂಡೇ ಹೊರಡಿ, ದಾಟಿದ ದಣಪೆಯನ್ನು ಹಾಕಿಕೊಂಡು ಹೋಗಿ. ಆಚೆ ಕುರಿ ಮೇಯುತ್ತಿರುತ್ತವೆ.