ಅಂದಮೇಲೆ

"ಊರ ಹೆಸರೇ ಕೊಕ್ಕರೆ ಬೆಳ್ಳೂರು ಅಂದಮೇಲೆ ಮರದಲ್ಲಿರೋದೆಲ್ಲ ಕೊಕ್ಕರೆಗಳೇ!" ಮದ್ದೂರು ತಾಲೂಕಿನ ಆ ಊರಿನ ಹುಣಸೆಮರದಡಿ ಅಪ್ಪನೊಬ್ಬ ಮಗಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ಜಗಲಿಯ ಮೇಲಿದ್ದ ಅಜ್ಜಿ ತಿದ್ದಿದರು: "ಅದು ಹೆಜ್ಜಾರ್ಲೆ ಕಣಪ್ಪ. ಕೊಕ್ರೆ ಆ ಮರದಲ್ಲವೆ ನೋಡು." ಕೊಕ್ಕಿನಡಿ ಚೀಲ ಜೋತುಬಿದ್ದದ್ದು ಹೆಜ್ಜಾರ್ಲೆ, ಹಳದಿ ಕೊಕ್ಕು, ಬಾಲದ ಬಳಿ ಗುಲಾಬಿ ಗರಿ ಇರುವುದು ಬಣ್ಣದ ಕೊಕ್ಕರೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾದ ಈ ಊರು ಎರಡಕ್ಕೂ ತವರು.

ಆ ಅಪ್ಪನ ತಪ್ಪೆಲ್ಲ ಇದ್ದದ್ದು 'ಅಂದಮೇಲೆ'ಯಲ್ಲಿ. ಹೆಸರಿನಲ್ಲಿರುವ ಹಕ್ಕಿ ಬಿಟ್ಟು ಬೇರೆ ಹಕ್ಕಿ ಊರಲ್ಲಿರದು ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನಂಬಿದ್ದರು. ಸ್ಪರ್ಧಾತ್ಮಕ ಪರೀಕ್ಷೆಗಳ ತಾರ್ಕಿಕ ಪ್ರಶ್ನೆಗಳು ಹುಡುಕಿಸುವುದು ಇದನ್ನೇ. ಅದಕ್ಕೆ 'ಊಹೆ' ಎಂಬ ಹೆಸರು ನನಗೆ ಸರಿಕಾಣದು. ಊಹಿಸುವವನಿಗೆ ತಾನು ಊಹಿಸುತ್ತಿದ್ದೇನೆಂದು ಗೊತ್ತಿರುತ್ತದೆ; ಇಲ್ಲಿ ಗೊತ್ತೇ ಇರುವುದಿಲ್ಲ. 'ಗೃಹೀತ' ಎಂಬ ಒಳ್ಳೆಯ ಮಾತಿದೆ, ಬಳಸೋಣ.

ಗೃಹೀತವನ್ನು ಹಿಡಿಯುವುದು ಹೇಗೆ? ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯ್ತು ಎಂಬ ಗಾದೆ ತೆಗೆದುಕೊಳ್ಳಿ. ಸಂಸ್ಕೃತದ ಕಾಕತಾಳೀಯದಲ್ಲಿ ಬೀಳುವುದು ತಾಳೆಯ ಹಣ್ಣು. ನಮ್ಮಲ್ಲಿ ಮುರಿಯುವುದು ಟೊಂಗೆ. ಇದು ದಿನವೂ ಮರದ ಕೆಳಗೆ ಬದುಕಿದವರ ತಿದ್ದುಪಡಿ ಎಂದೇ ನನ್ನ ವಾದ. ಹಕ್ಕಿಯ ಭಾರಕ್ಕೆ ಟೊಂಗೆ ಮುರಿಯಬಹುದು ಎಂದು ಬಲ್ಲವರಿಗೇ ಈ ಕಾಗೆ ಮುರಿದದ್ದಲ್ಲ ಎನ್ನುವ ಧೈರ್ಯ ಬರುವುದು. ಗಾದೆ ನಿಂತಿರುವುದೂ ಒಂದು ಗೃಹೀತದ ಮೇಲೆ: ಕಾಗೆ ಹಗುರ. ಅದನ್ನು ಅಲ್ಲಗಳೆದು ನೋಡಿ. ಕಾಗೆಯ ಜಾಗದಲ್ಲಿ ನಾಲ್ಕೈದು ಕೆಜಿ ತೂಗುವ ಹೆಜ್ಜಾರ್ಲೆಯನ್ನು ಒಣಗಿದ ಟೊಂಗೆಯ ಮೇಲೆ ಕೂರಿಸಿ. ಗಾದೆ ಅಲ್ಲೇ ಬಿದ್ದುಹೋಗುತ್ತದೆ. ಯಾವುದನ್ನು ಅಲ್ಲ ಎಂದರೆ ವಾದ ಕುಸಿಯುತ್ತದೋ ಅದೇ ಗೃಹೀತ. ಅಲ್ಲ ಎಂದರೂ ವಾದ ನಿಂತರೆ ಅದು ಗೃಹೀತವಲ್ಲ. ಪರೀಕ್ಷೆಗೆ ಕೂರುವ ಮಕ್ಕಳಿಗೆ ಇದಕ್ಕಿಂತ ಗಟ್ಟಿಯಾದ ಒರೆಗಲ್ಲು ಇಲ್ಲ.

ಪರೀಕ್ಷೆಯಾಚೆಗೂ ಅದು ಬೇಕು. "ಗೂಡು ಕಡಿಮೆಯಾಗಿವೆ ಅಂದಮೇಲೆ ಹುಣಸೆ ಗಿಡ ನೆಟ್ಟರಾಯ್ತು" ಎಂದು ಯಾರಾದರೂ ಅಂದರೆ, ಕೊರತೆ ಮರದ್ದೇ ಎಂದು ಅವರು ಹಿಡಿದುಕೊಂಡಿದ್ದಾರೆ. ಕೊರತೆ ಕೆರೆಗಳ ಮೀನಿನದಾಗಿದ್ದರೆ? ಶಿಂಷಾ ಹೊಳೆಯ ನೀರಿನದಾಗಿದ್ದರೆ? ಗಿಡ ನೆಡುವುದು ಒಳ್ಳೆಯದೇ, ಹಕ್ಕಿಗೆ ಮಾತ್ರ ಹಸಿವು ತಪ್ಪದು.

ಈಗ 'ಅಂದಮೇಲೆ' ಹೋಗಿ ಎಲ್ಲರ ಬಾಯಲ್ಲೂ 'ಸೋ' ಬಂದಿದೆ. ಟಿವಿ ಚರ್ಚೆಯಲ್ಲಿ ಮೊದಲ ಮಾತೇ 'ಸೋ'. ಹಿಂದೆ ಏನೂ ಹೇಳದೆಯೇ ತೀರ್ಮಾನಕ್ಕೆ ಹಾರಲು ಅದು ಬಿಡುತ್ತದೆ. 'ಅಂದಮೇಲೆ' ಹಾಗೆ ಬಿಡದು. ಮೊದಲು ಏನಾದರೂ ಅಂದಿರಲೇಬೇಕು, ಆಮೇಲೆ ಅದರ ಮೇಲೆ ಕಟ್ಟಬೇಕು. ಪಂಚಾಯಿತಿ ಕಟ್ಟೆಯಲ್ಲಿ ಎದುರಾಳಿಯ ಮಾತನ್ನು ಅವನ ಮುಂದೆಯೇ ಮತ್ತೆ ಆಡಿ ವಾದ ಹೂಡುತ್ತಿದ್ದ ಹಿರಿಯರಿಂದಲೇ ಈ ಮಾತು ಬಂದಿರಬೇಕೆಂದು ನನ್ನ ನಂಬಿಕೆ. ತಪ್ಪು ತರ್ಕವನ್ನೂ ಅದು ಬಚ್ಚಿಡದೆ ಎಲ್ಲರೆದುರು ಇಡುತ್ತದೆ. ಆ ಅಪ್ಪ 'ಅಂದಮೇಲೆ' ಎಂದದ್ದರಿಂದಲೇ ಅಜ್ಜಿಗೆ ತಿದ್ದಲು ದಾರಿಯಾಯಿತು.